ಗಾಳಿ ಹೊತ್ತ ಹಾರ್ಮೋನಿಯಂ

ಬೆಳಗಿನ ಐದು ಗಂಟೆಗೆ ನಿಮ್ಮ ಮನೆಯಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಹಾರ್ಮೋನಿಯಂ ಆಗುತ್ತಿತ್ತು. ಹದಿನೇಳು ವರ್ಷದಿಂದ, ಹಬ್ಬ ಹುಣ್ಣಿಮೆ ಎನ್ನದೆ, ಜ್ವರ ನೆಗಡಿ ಎನ್ನದೆ! ಅಗಳಿ ಎಂಬ ಊರಿನ ಭಜನೆ ಮೇಷ್ಟ್ರು ದೊಡ್ಡಮಲ್ಲಪ್ಪನವರು, ಅಂದರೆ ನನ್ನ ದಿವಂಗತ ಮಾವನವರು, ಮಗಳಿಗೆ ಬಂಗಾರ ಕಡಿಮೆ ಹಾಕಿ ಈ ಪೆಟ್ಟಿಗೆಯನ್ನು ಜೊತೆಗೆ ಕಳಿಸಿದ್ದರು. ತಿದಿ ಹಳೆಯದು. ಸ್ವರಕ್ಕಿಂತ ಮೊದಲು ಅದರೊಳಗಿಂದ ಒಂದು ದೀರ್ಘ ನಿಟ್ಟುಸಿರು ಬರುತ್ತಿತ್ತು, ಹಾಸಿಗೆ ಹಿಡಿದ ಮುದುಕರು ಮಗ್ಗುಲು ಬದಲಿಸುವಾಗ ಬಿಡುವಂಥದ್ದು. ಆಮೇಲೆ ನನ್ನ ಹೆಂಡತಿ ದ್ರಾಕ್ಷಾಯಣಮ್ಮನ ಕಂಠ. ಆಮೇಲೆ ನನ್ನ ತಲೆನೋವು.

ಮಾವನವರ ಪೆಟ್ಟಿಗೆಯನ್ನು ಬಿಸಾಡು ಎನ್ನುವ ಧೈರ್ಯ ಯಾವ ಅಳಿಯನಿಗೆ ಇದೆ ಹೇಳಿ? ನನಗಂತೂ ಇರಲಿಲ್ಲ. ಹಾಗಾಗಿ ಗಾಳಿಗಾಗಿ ಕಾಯಬೇಕಾಯಿತು.

ರಾಯದುರ್ಗದಲ್ಲಿ ನಮ್ಮದು ಜೀನ್ಸ್ ಪ್ಯಾಂಟು ಹೊಲಿಯುವ ಕಸುಬು. ಮಾಳಿಗೆಯ ಮೇಲೆ ತಗಡಿನ ಶೆಡ್ಡು, ಅದರಲ್ಲಿ ಆರು ಮಿಷನ್ನು, ಎಲ್ಲಕ್ಕೂ ವಿಮೆ. ಹೋದ ಬೇಸಿಗೆಯಲ್ಲಿ ದ್ರಾಕ್ಷಾಯಣಮ್ಮ ತವರಿಗೆ, ಅಗಳಿಗೆ, ಹೋಗಿದ್ದ ದಿನ, ಮಧ್ಯಾಹ್ನ ನಾಲ್ಕಕ್ಕೆ ಊರು ಇದ್ದಕ್ಕಿದ್ದಂತೆ ಸುಮ್ಮನಾಯಿತು. ನಾಯಿ ಬೊಗಳಲಿಲ್ಲ, ಕಾಗೆ ಕೂಗಲಿಲ್ಲ. ಕೋಟೆ ಗುಡ್ಡದ ಕಡೆಯಿಂದ ಕೆಂಪು ಧೂಳಿನ ಕಂಬವೊಂದು ಎದ್ದು ನಮ್ಮ ಬೀದಿಯಲ್ಲಿ ನಡೆದು ಬಂತು. (ನಡೆದು ಬಂತು ಎಂದೇ ಹೇಳುತ್ತೇನೆ, ಬೀಸುವ ಗಾಳಿಗೂ ನಡೆಯುವ ಗಾಳಿಗೂ ವ್ಯತ್ಯಾಸ ನೋಡಿದವನಿಗೇ ಗೊತ್ತು.) ಎದುರುಮನೆ ನರಸಕ್ಕನ ಬಾಗಿಲಲ್ಲಿ ಒಂದು ಗಳಿಗೆ ನಿಂತು, ವಿಳಾಸ ಇದಲ್ಲ ಎಂಬಂತೆ ತಿರುಗಿ, ನಮ್ಮ ಮಾಳಿಗೆ ಹತ್ತಿತು. ಹದಿನಾಲ್ಕು ತಗಡು, ಎರಡು ಸ್ಟೂಲು, ನನ್ನದೊಂದು ಬನಿಯನ್ನು ಆಕಾಶಕ್ಕೆ ಹೋದವು. ನಾನು ಮೆಟ್ಟಿಲ ಕೆಳಗೆ ಕೂತು ಶಿವ ಶಿವಾ ಎನ್ನುತ್ತಿದ್ದೆ.

ಎಲ್ಲ ತಣ್ಣಗಾದ ಮೇಲೆ ಕಣ್ಣು ಬಿಟ್ಟರೆ ಎದುರಿಗೆ ಹಾರ್ಮೋನಿಯಂ. ಕೂದಲೂ ಕೊಂಕಿಲ್ಲ! ಆಗಲೇ ನನ್ನ ತಲೆಗೆ ಆ ದಿವ್ಯ ಜ್ಞಾನ ಹೊಳೆದದ್ದು. ಕಣೇಕಲ್ಲಿನ ಕುರಿಗಾರ ದೊಡ್ಡಬೀರಪ್ಪ ಅಂದು ಊರಿಗೆ ಬಂದಿದ್ದ. ಅವರ ಭಜನೆ ಮೇಳಕ್ಕೆ ಒಂದು ಪೆಟ್ಟಿಗೆ ಬೇಕೆಂದು ವರ್ಷದಿಂದ ಗೋಗರೆಯುತ್ತಿದ್ದ. ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಾಡಿಗೆ ಆಟೋಕ್ಕೆ ಏರಿಸಿ, “ಪುಗಸಟ್ಟೆ ಒಯ್ಯಿ, ಆಟೋ ಬಾಡಿಗಿ ಮಾತ್ರ ನಿಂದಾ. ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದೆ.

ಮರುದಿನ ಬಂದ ದ್ರಾಕ್ಷಾಯಣಮ್ಮ ತಗಡು ಕೇಳಲಿಲ್ಲ, ಮಿಷನ್ನು ಕೇಳಲಿಲ್ಲ, ಗಂಡನನ್ನೂ ಕೇಳಲಿಲ್ಲ.

“ಏನ್ರೀ, ನಮ್ಮಪ್ಪನ ಪೆಟ್ಟಿಗೆ ಎಲ್ಲಿ?”

“ಬಿಸಲಿಗಿಡೋಣು ಅಂತ ಮ್ಯಾಲ ಒಯ್ದಿದ್ದೆ. ಗಾಳಿ ಒಯ್ತು ನೋಡು.”

“ಅಷ್ಟು ಭಾರದ್ದನ್ನ?”

“ದೆವ್ವಗಾಳಿಗೆ ಭಾರ ಏನ್ ಗೊತ್ತಾಗ್ತದ?”

ಅವಳು ಕೂತಲ್ಲೇ ಅತ್ತಳು. ನನಗೂ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೆ ಮರುದಿನ ಏಳೂವರೆಯವರೆಗೆ ಮಲಗಿದ ಮೇಲೆ ಸಂಕಟ ಬಹಳ ಕಡಿಮೆಯಾಗಿತ್ತು.

ಅವಳನ್ನು ಸಮಾಧಾನ ಮಾಡಲು ಬಂದ ನರಸಕ್ಕ ಹೇಳಿದಳು: “ಅಳಬ್ಯಾಡ ತಂಗಿ. ದೆವ್ವಗಾಳಿ ಹೊತ್ತ ಸಾಮಾನು ಯಾರೂ ಮನ್ಯಾಗ ಇಟ್ಕಳಂಗಿಲ್ಲ. ಹೊತ್ತು ಮೂಡೋಕ ಮುಂಚೆ ಮುಖ ಮುಚ್ಕಂಡು ತಂದು ಹೊಸ್ತಿಲ ಮುಂದ ಇಟ್ಟು, ಮ್ಯಾಲೊಂದು ನಿಂಬೆಹಣ್ಣು ಇಡ್ತಾರ. ನೀನು ಹೊಸ್ತಿಲಿಗೆ ನೀರು ಹಾಕೋತನಕ ಅವರು ಬಾಯಿ ಬಿಡಂಗಿಲ್ಲ. ಹಾಕಿದ ಮ್ಯಾಲ ಎಲ್ಲಿ ಸಿಕ್ತು ಅಂತ ಹೇಳಿ ಹೋಗ್ತಾರ.”

ನಾನು ನಕ್ಕೆ. ಮೂರನೆಯ ದಿನ ಬಾಗಿಲು ತೆಗೆದಾಗ ನಗು ನಿಂತಿತು. ಮಬ್ಬುಗತ್ತಲಲ್ಲಿ ಕಣ್ಣಷ್ಟೇ ಬಿಟ್ಟು ಮುಖದ ತುಂಬ ಟವೆಲು ಸುತ್ತಿದ ಒಬ್ಬ ಆಸಾಮಿ ಅಲ್ಲಾಡದೆ ನಿಂತಿದ್ದ. ಕಾಲ ಬಳಿ ನಮ್ಮ ತಗಡು, ಅದರ ಮೇಲೆ ನಿಂಬೆಹಣ್ಣು. ಯಾರು ನೀನು ಎಂದರೆ ಉತ್ತರವಿಲ್ಲ, ರೆಪ್ಪೆ ಕೂಡ ಬಡಿಯುತ್ತಿಲ್ಲ. ದ್ರಾಕ್ಷಾಯಣಮ್ಮ ಚೊಂಬಿನಿಂದ ನೀರು ಹಾಕಿದಳು. ಟವೆಲಿನೊಳಗಿಂದ “ನಮ್ ಶೇಂಗಾ ಹೊಲ್ದಾಗ ಬಿದ್ದಿತ್ರಿ” ಎಂಬ ದನಿ ಬಂತು. ಹಿಂತಿರುಗಿ ನೋಡದೆ ಹೋದ. ಆಮೇಲೆ ಒಂದು ದಿನ ಸ್ಟೂಲು, ಒಂದು ದಿನ ಎರಡು ತಗಡು. ನನ್ನ ಬನಿಯನ್ನು ಕೂಡ ಮಡಿಚಿ, ನಿಂಬೆಹಣ್ಣಿನ ಸಮೇತ ಬಂತು. ಅದನ್ನು ಹಾಕಿಕೊಳ್ಳಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಈ ನಡುವೆ ವಿಮೆ ಕಂಪನಿಯ ಕಾಗದ ಬಂತು. “ಆ ದಿನ ನಿಮ್ಮ ಊರಲ್ಲಿ ಬಿರುಗಾಳಿ ದಾಖಲಾಗಿಲ್ಲ, ಬೀಸಿದ್ದು ಸಾಮಾನ್ಯ ಗಾಳಿ. ಸಾಮಾನ್ಯ ಗಾಳಿಗೆ ಪರಿಹಾರವಿಲ್ಲ” ಎಂದು ಅದರ ಸಾರಾಂಶ. ತಗಡುಗಳು ಬಂದಿದ್ದವು ನಿಜ, ಆದರೆ ಹಪ್ಪಳದ ಹಾಗೆ ಮುದುರಿ ಬಂದಿದ್ದವು. ಮಿಷನ್ನುಗಳ ಮೇಲೆ ತಾಡಪತ್ರಿ ಹೊದಿಸಿ ಕೂತಿದ್ದೆವು. ಇನ್ನು ಇಪ್ಪತ್ತು ದಿನಕ್ಕೆ ಮಳೆಗಾಲ. ಅಷ್ಟರೊಳಗೆ ಸೂರಾಗದಿದ್ದರೆ ಆರು ಮಿಷನ್ನೂ ತುಕ್ಕು, ನಮ್ಮ ಅನ್ನಕ್ಕೂ ತುಕ್ಕು.

ವಕೀಲ ಗೋವರ್ಧನ್ ಬಳಿ ಹೋದೆವು. ಆತ ಗಾಳಿಗೆ ಹೋದ ಸಾಮಾನಿನ ಪಟ್ಟಿ ಓದುತ್ತಾ ಓದುತ್ತಾ ಕೊನೆಯ ಸಾಲಿಗೆ ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟ. (ಕೊನೆಯ ಸಾಲು ಬರೆಸಿದವಳು ನನ್ನ ಹೆಂಡತಿ.)

“ಹಾರ್ಮೋನಿಯಂ? ಗಾಳಿ ಹಾರ್ಮೋನಿಯಂ ಎತ್ಕೊಂಡು ಹೋಗೇತೇನ್ರಿ?”

“ಅದೇನ್ ದೊಡ್ಡದಲ್ಲ ಬಿಡ್ರಿ, ಹೊಡೆದು ಹಾಕ್ರಿ ಅದನ್ನ” ಎಂದೆ.

“ಹೊಡೆದು ಹಾಕಾದಾ! ಸಾಮಾನ್ಯ ಗಾಳಿ ತಗಡು ಎತ್ತತೈತ್ರಿ, ಹಾರ್ಮೋನಿಯಂ ಎತ್ತತೈತೇನು? ಇಡೀ ಕೇಸು ಇದರ ಮ್ಯಾಲೇ ನಿಲ್ಲಿಸ್ತೀನಿ. ಸಾಮಾನು ತಂದು ಕೊಡೋರೆಲ್ಲಾ ನಮಗ ಸಾಕ್ಷಿ. ಆ ಪೆಟ್ಟಿಗಿ ಒಂದು ದೂರದಿಂದ ಬಂತಂದ್ರ ಗೆದ್ದಂಗ!”

“ನಮ್ಮಪ್ಪ ಸತ್ತ ಮೇಲೂ ನಮ್ಮ ಕೈ ಬಿಡಲ್ಲ ನೋಡ್ರೀ” ಎಂದು ದ್ರಾಕ್ಷಾಯಣಮ್ಮ ಕಣ್ಣೊರೆಸಿಕೊಂಡಳು. ನಾನು ಗೋಡೆಯ ಕ್ಯಾಲೆಂಡರು ಓದತೊಡಗಿದೆ.

ನೋಟಿಸು ಹೋಯಿತು. ಕಂಪನಿಯವರು ಮತ್ತೆ ನಷ್ಟ ಅಳೆಯುವ ಸರ್ವೇಯರನನ್ನು ಕಳಿಸಲು ಒಪ್ಪಿದರು. ಗಾಳಿ ಒಯ್ದ ಹಾರ್ಮೋನಿಯಂ ಸುದ್ದಿಯನ್ನು ವಕೀಲ ಸಂತೆ ಸಂತೆಗೂ ಸಾರಿಸಿದ. ನನ್ನ ಸುಳ್ಳು ನನಗಿಂತ ಮೊದಲೇ ಊರೂರು ತಿರುಗಿತು. ಕಣೇಕಲ್ಲಿಗೂ ಹೋಗಿರಬಹುದು ಎಂಬುದು ಮಾತ್ರ ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಸಾಮಾನು ವಾಪಸು ಬರುವ ಕತೆಯನ್ನು ಸರ್ವೇಯರ್ ನಂಬಲಿಲ್ಲವಂತೆ. ಕಣ್ಣಾರೆ ನೋಡಲಿ ಎಂದು ಗೋವರ್ಧನ್ ಅವನನ್ನು ಬೆಳಗಿನ ಜಾವವೇ ಕರೆತಂದು ಪಡಸಾಲೆಯಲ್ಲಿ ಕೂರಿಸಿದ. ಗಡಿಯಾರದಲ್ಲಿ ಐದಾಯಿತು. ನಾನು ಟೀ ಲೋಟ ಕೊಡುತ್ತಿದ್ದೆ.

ಬಾಗಿಲಾಚೆ ಯಾರೋ ಉಸಿರುಬಿಟ್ಟರು.

ದೀರ್ಘವಾದ ನಿಟ್ಟುಸಿರು. ಹದಿನೇಳು ವರ್ಷ ಕೇಳಿದ ಉಸಿರು ಅದು, ನನಗೆ ಗುರುತು ಹತ್ತದೆ ಇರುತ್ತದೆಯೇ? ಗಾಳಿ ಒಯ್ಯದ ವಸ್ತುವನ್ನು ಗಾಳಿ ತಂದು ಕೊಡುವುದೆಂದರೆ ಏನರ್ಥ? ನಾನು ಮಾಡಿದ್ದು ಮೇಲಿನವರಿಗೆ, ಅಂದರೆ ಮಾವನವರಿಗೆ, ಗೊತ್ತಾಗಿದೆ ಎಂದಲ್ಲವೇ? ದ್ರಾಕ್ಷಾಯಣಮ್ಮ ಬಾಗಿಲು ತೆಗೆದಳು. ಮಂಜಿನಂತೆ ಹಬ್ಬಿದ ಧೂಳಿನಲ್ಲಿ ಕರಿ ಕಂಬಳಿ ತಲೆಯಿಂದ ಕಾಲವರೆಗೆ ಹೊದ್ದ ಆಕಾರವೊಂದು ಕುಕ್ಕರುಗಾಲಲ್ಲಿ ಕೂತಿತ್ತು. ಮುಂದೆ ಹಾರ್ಮೋನಿಯಂ, ಅದರ ಮೇಲೆ ನಿಂಬೆಹಣ್ಣು. ಆಕಾರದ ಎರಡೂ ಕೈ ಕಂಬಳಿಯೊಳಗೆ. ತಿದಿ ತಾನೇ ಏಳುತ್ತಿತ್ತು, ತಾನೇ ಇಳಿಯುತ್ತಿತ್ತು.

“ಇದಿ ಎಲಾ ವಚ್ಚಿಂದಿ?” ಎಂದು ಸರ್ವೇಯರ್ ತೆಲುಗಿನಲ್ಲಿ ತೊದಲಿದ. ಇದು ಹೇಗೆ ಬಂತು ಎಂದು ನನಗೂ ಕೇಳಬೇಕಿತ್ತು.

ಅಷ್ಟರಲ್ಲಿ ಕಂಬಳಿಯಿಂದ ಕುರಿಯ ವಾಸನೆ ಬಂತು. ದೆವ್ವದ ಭಯ ಇಳಿದು, ಅದಕ್ಕಿಂತ ದೊಡ್ಡ ಭಯ ಏರಿತು. ಬೀರಪ್ಪ! ನೀರು ಬೀಳುವವರೆಗೆ ಅವನು ಮೂಕ. ನೀರು ಬಿದ್ದರೆ ನಾನು ಸತ್ತೆ. ಹೆಂಡತಿಯ ಕೈಯ ಚೊಂಬಿಗೆ ಕೈ ಹಾಕಿದೆ.

“ನೀರು ಹಾಕಬ್ಯಾಡ!”

“ಯಾಕ್ರೀ?”

“ನೀರು... ನೀರು ಭಾಳ ತುಟ್ಟಿ ಆಗೇತಿ!”

“ಬಿಡ್ರೀ ಚೊಂಬು!”

“ಬಿಡಂಗಿಲ್ಲ!”

ಎಳೆದಾಟದಲ್ಲಿ ಅರ್ಧ ಚೊಂಬು ನನ್ನ ಪಂಚೆಗೆ, ಅರ್ಧ ಹೊಸ್ತಿಲಿಗೆ. ಕಂಬಳಿ ಸರಿಯಿತು.

“ಯವ್ವಾ, ಕಣೇಕಲ್ಲಿಂದ ತಂದೀನಿ” ಎಂದ ದೊಡ್ಡಬೀರಪ್ಪ.

“ಕಣೇಕಲ್ಲಾ!” ಗೋವರ್ಧನ್ ಕುಣಿದಾಡಿದ. “ಬರಕೊಳ್ರಿ ಸಾರ್, ಕಣೇಕಲ್ಲಿನ ತನಕ ಹಾರೇತಿ!”

“ಹಾರಿಲ್ರಿ. ಆಟೋದಾಗ ಬಂದಿತ್ತು. ಇವರಾ ಗೋಣಿಚೀಲದಾಗ ಸುತ್ತಿ ಕೊಟ್ಟಿದ್ರು. ಸಂತ್ಯಾಗ ಕೇಳಿದ್ರ ಗಾಳಿ ಒಯ್ದ ಪೆಟ್ಟಿಗಿ ಅಂತಾರ. ಹಂಗಾರ ನನಗ ಕೊಟ್ಟಾವ ಯಾರು? ಮನಷ್ಯಾನಾ, ಇವರ ರೂಪದಾಗ ಬಂದ ಗಾಳಿನಾ? ನನಗ ತಿಳೀಲಿಲ್ಲ. ಮ್ಯಾಲ ಈ ಪೆಟ್ಟಿಗಿ ದಿನಾ ಐದಕ್ಕ ತಾನಾ ಉಸುರು ಬಿಡ್ತದವ್ವಾ. ನಮ್ ಕುರಿ ಮೇವು ಮುಟ್ಟವಲ್ವು.”

ಮುಳುಗುವವನಿಗೆ ಹುಲ್ಲುಕಡ್ಡಿಯಾದರೂ ಸಿಕ್ಕಿತಲ್ಲ! “ಹೌದು ಹೌದು, ಅದು ನಾನಲ್ಲ! ಗಾಳಿನಾ ನನ್ನ ರೂಪದಾಗ ಬಂದಿರಬೇಕು!” ಎಂದೆ.

ದ್ರಾಕ್ಷಾಯಣಮ್ಮ ನನ್ನನ್ನು ನೋಡಲಿಲ್ಲ. ಬೀರಪ್ಪನನ್ನು ಕೇಳಿದಳು: “ಆಟೋ ಚಾರ್ಜು ಯಾರು ಕೊಟ್ರಪ್ಪಾ?”

“ನಾನಾ ಕೊಟ್ಟೆ ಯವ್ವಾ.”

“ಹಂಗಾದ್ರೆ ಗಾಳಿಯಲ್ಲ, ಇವರೇ” ಎಂದಳು.

ಇಂಥ ಅಖಂಡನೀಯ ಸಾಕ್ಷ್ಯವನ್ನು ಯಾವ ಕೋರ್ಟೂ ಕೇಳಿರಲಾರದು. ವಕೀಲ ತಲೆ ಮೇಲೆ ಕೈ ಹೊತ್ತು ಕೂತ. “ನಿಮ್ ಸುಳ್ಳಿನ ಮ್ಯಾಲ ಇಡೀ ಕೇಸು ಕಟ್ಟಿದ್ನಲ್ರೀ!” ಸರ್ವೇಯರ್ ಫೈಲು ಮುಚ್ಚಿ ಎದ್ದ. ನನ್ನ ಕಣ್ಣ ಮುಂದೆ ಆರು ಮಿಷನ್ನು ಮಳೆಯಲ್ಲಿ ನೆನೆಯುತ್ತಿದ್ದವು.

ಅವನ ದಾರಿಗೆ ಅಡ್ಡ ನಿಂತವಳು ಅವಳೇ. “ಕೂತ್ಕಳಿ ಸಾರ್. ನಮ್ಮನೆಯೋರು ಸುಳ್ಳು ಹೇಳಿದ್ರು, ಗಾಳಿ ಹೇಳಿಲ್ಲ. ಪೆಟ್ಟಿಗೆ ಸಾಲು ಹೊಡೆದು ಹಾಕಿ. ತಗಡು ತಂದ್ಕೊಟ್ಟೋರು ಒಂಬತ್ತು ಜನ ಇದಾರೆ, ಒಬ್ಬೊಬ್ರ ಹೊಲಕ್ಕೂ ನಾನೇ ಕರ್ಕೊಂಡು ಹೋಗ್ತೀನಿ.”

ಕರೆದುಕೊಂಡು ಹೋದಳು. ಬಿಸಿಲಲ್ಲಿ ಒಂಬತ್ತು ಹೊಲ ತಿರುಗಿಸಿದಳು. ಅಷ್ಟಾದರೂ ಕಂಪನಿ ಒಂದು ಅಫಿಡವಿಟ್ಟು ಕೇಳಿತು. “ಸದರಿ ಹಾರ್ಮೋನಿಯಮ್ಮನ್ನು ಗಾಳಿ ಒಯ್ದಿರುವುದಿಲ್ಲ, ನಾನೇ ಸಾಗಿಸಿರುತ್ತೇನೆ” ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿದೆ. ಮೊದಲ ಮಳೆಗೆ ಎರಡು ದಿನ ಮುಂಚೆ ಹೊಸ ತಗಡು ಬಿತ್ತು. ಅಫಿಡವಿಟ್ಟಿನ ಜೆರಾಕ್ಸು ಮಾವನವರ ಫೋಟೋದ ಕೆಳಗೆ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ.

ತಿದಿಯ ಚರ್ಮ ಹಳೆಯದು, ತಂಪಿಗೆ ಗಾಳಿ ಬಿಡುತ್ತದೆ, ಅಷ್ಟೇ ಎಂದು ರಿಪೇರಿಯವನು ಹೇಳಿದ. ಇರಬಹುದು. ಆದರೆ ಸರಿಯಾಗಿ ಐದಕ್ಕೇ ಯಾಕೆ ಎಂದು ಕೇಳಿದರೆ ಆತ ಕೂಲಿ ಕೂಡ ಪೂರ್ತಿ ಇಸಿದುಕೊಳ್ಳದೆ ಹೋದ.

ಮೊನ್ನೆ ದ್ರಾಕ್ಷಾಯಣಮ್ಮ ಮತ್ತೆ ಅಗಳಿಗೆ ಹೋದಳು, ಮೂರು ದಿನಕ್ಕೆ. ಏಳೂವರೆಯವರೆಗೆ ಮಲಗುವೆನೆಂದು ಮುಸುಕು ಎಳೆದಿದ್ದೆ. ಬೆಳಿಗ್ಗೆ ಐದಕ್ಕೆ ಪಡಸಾಲೆಯಲ್ಲಿ ಆ ಉಸಿರು ಕೇಳಿತು. ಒಂದು ಸಲ. ಎರಡು ಸಲ. ಮೂರನೆಯದಕ್ಕೆ ಎದ್ದು, ಮುಖ ತೊಳೆದು, ವಿಭೂತಿ ಹಚ್ಚಿ, ಮಾವನವರ ಫೋಟೋದ ಎದುರು ಚಕ್ಕಳಮಕ್ಕಳ ಹಾಕಿ ಕೂತು ನಾನೇ ತಿದಿ ಒತ್ತಿದೆ. ಬರುವ ಹಾಡು ಒಂದೂ ಇಲ್ಲ, ಆದರೂ ಹಾಡಿದೆ. ಮುಗಿದ ಮೇಲೆ ಹೊಸ್ತಿಲಿಗೆ ನೀರು ಹಾಕಿದೆ. ಎದುರುಮನೆ ಬಾಗಿಲಿಂದ ನರಸಕ್ಕ ಕೂಗಿದಳು, “ನಿನ್ ಹೆಂಡ್ತಿನಾ ವಾಸಿ ಕಣೋ ಸಿದ್ದರಾಮೇಶಾ, ಲಗೂನ ಕರಕೊಂಡು ಬಾ!”