ಗೂಟದ ಮೇಲಿನ ಸಮವಸ್ತ್ರಕ್ಕೆ ಇಸ್ತ್ರಿಯವನ ದೂರು

ನನ್ನ ಅಂಗಡಿಯ ಗೂಟದ ಮೇಲೆ ವಿರಾಜಮಾನರಾಗಿರುವ ಮಾನ್ಯ ಸೈನಿಕ ಸಮವಸ್ತ್ರದವರೇ,

ತಮ್ಮ ಗರಿಗರಿ ಕಾಲರಿಗೂ ಫಳಫಳ ಹೊಳೆಯುವ ಗುಂಡಿಗಳಿಗೂ ಈ ಇಸ್ತ್ರಿಯವನ ಸವಿನಯ ನಮಸ್ಕಾರಗಳು. ತಮ್ಮ ಮೇಲೆ ದೂರು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಆಗಾಗ ತಮಗೆ ಬಿಸಿ ಮುಟ್ಟಿಸಿ ನೆಟ್ಟಗೆ ಮಾಡುವವನು ನಾನೇ ಆದ್ದರಿಂದ ಈ ಸಲಿಗೆ.

ಮೊನ್ನೆ ಅಮ್ಮನಿಗೆ ಉಬ್ಬಸ ಕೆರಳಿದ ಗಡಿಬಿಡಿಯಲ್ಲಿ ನನ್ನ ಅಂಗಿಯನ್ನು ನಾನೇ ಸುಟ್ಟು, ಕೈಗೆ ಸಿಕ್ಕ ತಮ್ಮನ್ನೇ ತೊಟ್ಟು, ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ್ದು ತಮಗೆ ನೆನಪಿರಬಹುದು. ಏದುಸಿರು ಬಿಡುತ್ತ, ಗೋಡೆ ಹಿಡಿದು ಅಮ್ಮ ಒಳಗೆ ಬಂದಾಗ ಬೆಂಚಿನ ಮೇಲಿದ್ದ ಯಾರಿಗೂ ಕಣ್ಣೇ ಕಾಣಲಿಲ್ಲ. ಸೈಕಲ್ ನಿಲ್ಲಿಸಿ ನಾನು ಕಾಲಿಟ್ಟೆನೋ ಇಲ್ಲವೋ, ಇಡೀ ಬೆಂಚೇ ಎದ್ದು ನಿಂತಿತು. "ಕೂತ್ಕೊಳ್ಳಿ ಸಾರ್, ನೀವಿರೋದಕ್ಕೇ ನಾವು ನೆಮ್ಮದಿಯಾಗಿ ನಿದ್ದೆ ಮಾಡ್ತಿರೋದು," ಎಂದು ಕನ್ನಡಕದವರೊಬ್ಬರು ಕೈಮುಗಿದರು. ಇಲಿ ಕಂಡರೆ ಮೇಜು ಹತ್ತುವ ನಾನು ಗಂಭೀರವಾಗಿ ತಲೆಯಾಡಿಸಿದೆ. ಆ ಜಾಗದಲ್ಲಿ ಅಮ್ಮನನ್ನು ಕೂರಿಸಿದ್ದಕ್ಕೆ "ಎಂಥ ಸಂಸ್ಕಾರ!" ಎಂದು ಮತ್ತೆ ನನ್ನನ್ನೇ ಹೊಗಳಿದರು.

ಅಷ್ಟರಲ್ಲಿ ತಮ್ಮ ನಿಜವಾದ ಯಜಮಾನರು ಮಾಸಿದ ಅಂಗಿಯಲ್ಲಿ, ಊದಿದ ಮಂಡಿ ಎಳೆದುಕೊಂಡು ಬಂದರು. ಸೈನ್ಯದಲ್ಲಿದ್ದಷ್ಟೂ ಕಾಲ ಉಗ್ರಾಣದಲ್ಲಿ ಟೈರು ಕಾಯುತ್ತಿದ್ದೆ, ಯುದ್ಧ ನೋಡಿದ್ದು ಸಿನಿಮಾದಲ್ಲೇ ಎಂದು ನನ್ನ ಅಂಗಡಿಯಲ್ಲಿ ತಾವಾಗಿಯೇ ಹೇಳಿ ನಗುವ ಮನುಷ್ಯ. ಅವರು ಸ್ವಲ್ಪ ಜಾಗ ಕೇಳಿದ್ದಕ್ಕೆ ಅದೇ ಕನ್ನಡಕದವರು, "ಕಾಣಲ್ವೇನ್ರೀ, ಸೈನಿಕರೇ ನಿಂತಿದಾರೆ!" ಎಂದು ಗದರಿಬಿಟ್ಟರು. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ನನ್ನ ಮೈಮೇಲೆ ತಮ್ಮನ್ನು ಗುರುತಿಸಿದ ಯಜಮಾನರು ಬಾಯಿಬಿಟ್ಟಿದ್ದರೆ ನನಗೆ ಅಲ್ಲೇ ಧರ್ಮದೇಟು ಬೀಳುತ್ತಿತ್ತು. ಆದರೆ ಅವರು ಅಮ್ಮನ ಮುಖ ನೋಡಿ, "ಮೊದ್ಲು ಅಮ್ಮನ್ನ ನೋಡ್ಕೊಳಪ್ಪ, ಅಂಗಿ ಆಮೇಲೆ," ಎಂದು ಮೆಲ್ಲಗೆ ಹೇಳಿ, ಕುಂಟುತ್ತಲೇ ಅವಳ ಇನ್ನೊಂದು ತೋಳು ಹಿಡಿದು ಡಾಕ್ಟರ ಬಾಗಿಲವರೆಗೂ ಬಂದರು. ನನ್ನ ಕೈ ತಾನಾಗಿಯೇ ಎದ್ದು ಸೆಲ್ಯೂಟ್ ಹೊಡೆಯಿತು. ಅದು ಅವರು ಕಾಯ್ದ ಟೈರುಗಳಿಗಲ್ಲ. ತಮಗಂತೂ ಅಲ್ಲವೇ ಅಲ್ಲ.

ಆದಕಾರಣ ತಾವು ದಯಮಾಡಿ ದಿನಕ್ಕೊಮ್ಮೆ ಒಳಗೆ ಯಾರೂ ಇಲ್ಲದೆ ಬೀದಿಯಲ್ಲಿ ನಡೆದುಬಂದು, ಮರ್ಯಾದೆ ಯಾರಿಗೆ ಸಲ್ಲುತ್ತಿದೆಯೆಂದು ಜನರಿಗೆ ತೋರಿಸಬೇಕಾಗಿ ಪ್ರಾರ್ಥನೆ. ಅದು ಕಷ್ಟವೆನಿಸಿದರೆ ಅಮ್ಮನ ಅಳತೆಗಾದರೂ ಹೊಲಿಸಿಕೊಳ್ಳಿ. ಮುಂದಿನ ಸಲ ಅವಳಿಗೇ ಬೆಂಚು ಸಿಗಲಿ.

ತಮ್ಮ ಸುಕ್ಕುಗಳನ್ನೆಲ್ಲ ಬಲ್ಲ ವಿಶ್ವಾಸಿ,
ಇಸ್ತ್ರಿಯವನು

ವಿ.ಸೂ.: ನಿನ್ನೆ ಆ ಕನ್ನಡಕದವರು ಪ್ಯಾಂಟು ತಂದಿದ್ದರು. ನನ್ನ ಗುರುತು ಹತ್ತಲಿಲ್ಲ. "ಬೇಗ ಮಾಡೋ," ಎಂದರು. ಹೋಗುವಾಗ ಗೂಟದ ಕಡೆ ತಿರುಗಿ ತಮಗೆ ಕೈಮುಗಿದು ಹೋದರು.