ಓಲೆಯ ಭಾವಚಿತ್ರ

“ಫೋಟೋ ನೋಡಿದ ಅಕ್ಕಸಾಲಿಗ ಓಲೆ ಎತ್ತಿಕೊಳ್ಳಲಿಕ್ಕೆ ಕೈ ಚಾಚಬೇಕು. ಹಾಗೆ ತೆಗಿತೇನೆ, ನೋಡ್ತಾ ಇರು,” ಎಂದು ವಿಷ್ಣುಪ್ರಸಾದ್ ಮಾಸ್ತರರು ಬೆಳಗಿನ ಕಾಫಿಯ ಹೊತ್ತಿಗೇ ಘೋಷಿಸಿದರು. ಮಡಿಕೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಅವರು, ಮೊಬೈಲಿಗೆ ಸಿಕ್ಕಿಸುವ ಪುಟ್ಟ ಲೆನ್ಸು ತರಿಸಿಕೊಂಡ ದಿನದಿಂದ ಇರುವೆಯ ಮೀಸೆ, ಗುಂಡುಸೂಜಿಯ ತಲೆ ಎಂದು ಕಣ್ಣಿಗೆ ಬಿದ್ದದ್ದನ್ನೆಲ್ಲ ಆನೆಯಷ್ಟು ಮಾಡಿ ತೋರಿಸುತ್ತಿದ್ದರು.

ಹೆಂಡತಿ ಪದ್ಮಾಕ್ಷಿ ನೋಡುತ್ತಲೂ ಇರಲಿಲ್ಲ, ಲೋಟ ಎತ್ತಿಕೊಂಡು ಒಳಗೆ ಹೋದಳು. ತಾಯಿ ತೀರಿಕೊಂಡ ಮೇಲೆ ಆಕೆಯ ಮಾತು ಅಳತೆಗೆ ಬಂದಿತ್ತು. ತಾಯಿಯ ಚಿನ್ನದ ಓಲೆ ಹಿರಿಯ ಮಗಳೆಂದು ಆಕೆಗೇ ಸೇರಿತ್ತು. ಕಡಲೆಕಾಳಿನಷ್ಟೇ ಗಾತ್ರ, ಕನ್ನಡಿಯಂತೆ ಹೊಳೆಯುವ ಉಬ್ಬು ಮೈ. ಕುಶಾಲನಗರದಲ್ಲಿರುವ ತಂಗಿ ಅನುಶ್ರೀ ತಕರಾರು ಮಾಡಿರಲಿಲ್ಲ. “ಅದರ ಹಾಗೇ ಒಂದು ಜೊತೆ ನಾನೂ ಮಾಡಿಸಿಕೊಳ್ತೇನೆ. ಒಂದು ಒಳ್ಳೆ ಫೋಟೋ ಕಳಿಸ್ಲಿಕ್ಕೆ ಭಾವನಿಗೆ ಹೇಳು,” ಎಂದಿದ್ದಳು. ಆಮೇಲೆ ಮೆಲ್ಲಗೆ, “ಅಮ್ಮನ ಹಸಿರು ರೇಷ್ಮೆಯ ಪಟ್ಟೆಸೀರೆ ಎಲ್ಲುಂಟಕ್ಕ?” ಎಂದೂ ಕೇಳಿದ್ದಳು.

“ಹುಡುಕಿದೆ, ಸಿಗ್ಲಿಲ್ಲ,” ಎಂದಿದ್ದಳು ಪದ್ಮಾಕ್ಷಿ.

ಆ ದಿನ ಮಂಜು ಕಿಟಕಿಗೇ ಅಂಟಿಕೊಂಡಿತ್ತು. ಮಾಸ್ತರರು ಮನೆಯ ದೀಪಗಳನ್ನೆಲ್ಲ ಹಾಕಿ, ಸಾಲದೆಂದು ಬಚ್ಚಲಿನ ಬಲ್ಬನ್ನೂ ಕಳಚಿ ತಂದರು. ಓಲೆ ನೆಟ್ಟಗೆ ನಿಲ್ಲಲೆಂದು ಚಪಾತಿ ಹಿಟ್ಟಿನ ಉಂಡೆಗೆ ಚುಚ್ಚಿದರು. ಮೊದಲ ಫೋಟೋದಲ್ಲಿ ಓಲೆಯ ಹೊಟ್ಟೆಯೊಳಗೆ ಅವರದೇ ಮುಖ ಕುಳಿತಿತ್ತು, ಮೂಗು ಬದನೆಕಾಯಿಯಾಗಿ.

“ಇದರಲ್ಲಿ ನಾನು ಬಂದುಬಿಟ್ಟೆನಲ್ಲ.”

“ಎಲ್ಲದರಲ್ಲೂ ನೀವೇ ಬರೋದು,” ಎಂದು ಅಡುಗೆಮನೆಯಿಂದ ಉತ್ತರ ಬಂತು.

ತಮ್ಮನ್ನು ಮರೆಮಾಡಿಕೊಳ್ಳಲು ಮಾಸ್ತರರು ಕಪ್ಪು ಕೊಡೆ ಬಿಡಿಸಿದರು. ಕತ್ತರಿಯಿಂದ ಅದಕ್ಕೊಂದು ತೂತು ಮಾಡಿ ಲೆನ್ಸನ್ನು ಇಣುಕಿಸಿದರು.

“ಅದು ನನ್ನ ಕೊಡೆ,” ಎಂದಳು ಪದ್ಮಾಕ್ಷಿ.

“ವಿಜ್ಞಾನಕ್ಕೆ ಒಂದು ತೂತು ಕೊಡ್ಲಿಕ್ಕೆ ಆಗೋದಿಲ್ವಾ?”

ಚಿತ್ರವೇನೋ ಅದ್ಭುತವಾಗಿ ಬಂತು. ಅಂಚಿನ ಹೂವಿನ ಕೆತ್ತನೆ, ಅತ್ತೆಯ ಬೆರಳು ತಾಗಿ ತಾಗಿ ಸವೆದ ಜಾಗ, ಎಲ್ಲವೂ ಸ್ಪಷ್ಟ. ಮಾಸ್ತರರ ಸುಳಿವೇ ಇಲ್ಲ. ಮಸುಕಾಗಬಾರದೆಂದು ಪೂರ್ತಿ ಗಾತ್ರದ ಫೈಲನ್ನೇ ನಾದಿನಿಗೆ ಕಳಿಸಿ ಕೆಳಗೆ ಬರೆದರು: “ಎಷ್ಟು ಬೇಕಾದರೂ ದೊಡ್ಡದು ಮಾಡಿ ನೋಡು, ಒಡೆಯುವುದಿಲ್ಲ.”

ಚಿತ್ರ ಒಡೆಯಲಿಲ್ಲ. ಒಡೆದದ್ದು ಗುಟ್ಟು.

ಸ್ವಲ್ಪ ಹೊತ್ತಿಗೆ ಅನುಶ್ರೀಯ ಫೋನು. ಹೊಗಳಿಕೆ ಹೆಂಡತಿಗೂ ಕೇಳಲೆಂದು ಮಾಸ್ತರರು ಸ್ಪೀಕರ್ ಹಾಕಿದರು.

“ಫೋಟೋ ಭಾರೀ ಚೆಂದ ಬಂದುಂಟು ಭಾವ. ಓಲೆಯೊಳಗೆ ನಿಮ್ಮ ಇಡೀ ಕೋಣೆ ಕಾಣ್ತದೆ.”

“ಪೀನ ದರ್ಪಣ, ಅನು. ಹತ್ತನೇ ಕ್ಲಾಸಿನ ಪಾಠ. ಹೊರಗೆ ಉಬ್ಬಿದ್ರೆ ಅಕ್ಕಪಕ್ಕದ್ದೆಲ್ಲ ಒಳಗೆ ಬರ್ತದೆ.”

“ಹೌದು, ಬಂದುಂಟು. ಕೊಡೆಯ ಪಕ್ಕ ಒಂದು ಕುರ್ಚಿ. ಕುರ್ಚಿಯ ಮೇಲೆ ಹಸಿರು ಪಟ್ಟೆಸೀರೆ. ಕೆಂಪು ಅಂಚು.”

ಪದ್ಮಾಕ್ಷಿ ಸೌಟು ಹಿಡಿದು ಬಾಗಿಲಲ್ಲೇ ನಿಂತಳು. ಕಿವಿಯೋಲೆಯನ್ನು ತಂಗಿ ಕಾಗದದ ಓಲೆಯಂತೆ ಓದಿಬಿಟ್ಟಿದ್ದಳು.

“ನಾಳೆ ಬರ್ತೇನೆ ಅಂತ ಅಕ್ಕನಿಗೆ ಹೇಳಿ.” ಫೋನು ಇಟ್ಟಳು.

ಆ ಇಡೀ ದಿನ ಪದ್ಮಾಕ್ಷಿ ಊಟಕ್ಕೆ ಕೂರಲೇ ಇಲ್ಲ. ಅವಳಿಗೆ ತವರಿನ ಕಡೆಯವರೆಂದು ಉಳಿದಿದ್ದವಳು ಈ ತಂಗಿಯೊಬ್ಬಳೇ. ಆ ನಂಟನ್ನೂ ತಾನೇ ಕೈಯಾರೆ ಕತ್ತರಿಸಿ ಹಾಕಿದೆನೇ ಎಂದು ಮಾಸ್ತರರ ಎದೆ ಭಾರವಾಯಿತು. ಕ್ಷಮೆ ಕೇಳಲು ವಾಕ್ಯಗಳನ್ನು ಜೋಡಿಸಿದರು. ಯಾವುದೂ ನಿಲ್ಲಲಿಲ್ಲ.

ಮರುದಿನ ಬಸ್ಸಿಳಿದು ಬಂದ ಅನುಶ್ರೀ ಯಾರನ್ನೂ ಮಾತಾಡಿಸದೆ ನೇರ ಕುರ್ಚಿಯ ಬಳಿಗೆ ಹೋದಳು. ಸೀರೆ ಎತ್ತಿ ಮುಖಕ್ಕೆ ಒತ್ತಿಕೊಂಡಳು.

“ಒಗೆದಿಲ್ಲ ಅಲ್ವಾ?”

“ಇಲ್ಲ,” ಎಂದಳು ಪದ್ಮಾಕ್ಷಿ. “ನೀನು ತಗೊಂಡು ಹೋದ್ರೆ ಡ್ರೈಕ್ಲೀನಿಗೆ ಕೊಡ್ತಿ ಅಂತ ಸುಳ್ಳು ಹೇಳಿದೆ.”

“ಕೊಡ್ತಿದ್ದೆ,” ಎಂದಳು ತಂಗಿ. ಇಬ್ಬರೂ ಅಲ್ಲೇ ನೆಲದ ಮೇಲೆ ಕುಳಿತು ಅತ್ತರು. ಮಾಸ್ತರರು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಅಂಟಿಕೊಂಡರು.

ಅನುಶ್ರೀ ಮತ್ತೊಮ್ಮೆ ಮೂಸಿ ನೋಡಿದಳು. “ಅಕ್ಕ, ಅಮ್ಮನ ವಾಸನೆ ಸೆರಗಿನಲ್ಲಿ ಮಾತ್ರ ಉಳಿದುಂಟು. ಬಾಕಿ ಎಲ್ಲ ಯಾವುದೋ ತಲೆಯೆಣ್ಣೆ.”

“ನಿನ್ನ ಭಾವನದ್ದು. ಮಧ್ಯಾಹ್ನ ನಾನು ಅಲ್ಲಿ ಕೂತು ಅದನ್ನ ಹೊದ್ಕೊಳ್ತೇನೆ. ಸಂಜೆ ಇವರು ಅದಕ್ಕೇ ತಲೆ ಒರಗಿಸಿ ಪೇಪರ್ ಓದ್ತಾರೆ. ಒಂದು ದಿನವಾದ್ರೂ ತಿರುಗಿ ನೋಡ್ತಾರೆ, ಇದು ಯಾಕೆ ಇಲ್ಲುಂಟು ಅಂತ ಕೇಳ್ತಾರೆ ಅಂತ ಕಾದೆ.”

“ನನಗೆ ಕಾಣಲೇ ಇಲ್ಲ ಪದ್ಮಾ,” ಎಂದರು ಮಾಸ್ತರರು.

ಪದ್ಮಾಕ್ಷಿ ಕಣ್ಣೊರೆಸಿಕೊಂಡಳು. “ತಪ್ಪು ನನ್ನದೇ. ನಿಮಗೆ ಕಾಣ್ಬೇಕಾದ್ರೆ ಅದನ್ನ ಗುಲಗಂಜಿಯಷ್ಟು ಸಣ್ಣಗೆ ಮಡಚಿಡ್ಬೇಕಿತ್ತು.”