ಸ್ಪ್ಯಾನಿಷ್‌ನಲ್ಲಿ ಪಟಗ ಸುತ್ತಿಕೊಂಡದ್ದು

ಊಹಿಸಿ ನೋಡೋಣ: ನಿವೃತ್ತ ಮನುಷ್ಯನೊಬ್ಬ ಬೆಳಗ್ಗೆ ಬಾಗಿಲು ಹಾಕಿಕೊಂಡು ಒಂದೇ ಅಂಗಿಯನ್ನು ಹತ್ತು ಸಲ ತೊಟ್ಟು ಹತ್ತು ಸಲ ಕಳೆದರೆ ಏನಾಗಿರಬಹುದು? ಹುಚ್ಚು ಅಂದಳು ನಮ್ಮಾಕಿ. ಸ್ಪ್ಯಾನಿಷ್ ಅಂದೆ ನಾನು. ಫರಕು ನನಗೂ ಪೂರ್ತಿ ತಿಳಿದಿಲ್ಲ, ಹೀಗಾಗಿ ಇಂಥವು ನಡೆಯುತ್ತಲೇ ಇವೆ.

೧

ದೇವದುರ್ಗದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ, ನಿವೃತ್ತನಾಗಿ ರಾಯಚೂರಿಗೆ ಬಂದವನಿಗೆ ಬಾಯಿ ಸುಮ್ಮನಿರಬೇಕಲ್ಲ? ಆನ್‌ಲೈನ್ ಸ್ಪ್ಯಾನಿಷ್ ತರಗತಿಗೆ ಸೇರಿದೆ. ಮೌಖಿಕ ಪರೀಕ್ಷೆ ಪಾಸಾಗೇ ಆಗುತ್ತೇನೆಂದು ಇಡೀ ಓಣಿಗೆ ಹೇಳಿಯೂ ಬಿಟ್ಟೆ. ಪಾಠ ಬಂದದ್ದು ಬಟ್ಟೆ ತೊಡುವುದರ ಬಗ್ಗೆ. ಪುಣೆಯ ಟೀಚರಮ್ಮ ಹೇಳಿದರು: "ಸರ್, ನಿಮ್ಮ ಬಟ್ಟೆ ನೀವೇ ಹಾಕಿಕೊಳ್ಳುತ್ತ ಹೇಳಬೇಕು."

'ಮೆ ಪೊಂಗೊ ಲಾ ಕಮೀಸಾ', ಅಂಗಿ ತೊಟ್ಟುಕೊಳ್ಳುತ್ತೇನೆ. 'ಮೆ ಕೀತೊ ಲಾ ಕಮೀಸಾ', ಅಂಗಿ ಬಿಚ್ಚಿಕೊಳ್ಳುತ್ತೇನೆ. ಕಿಟಕಿಯಿಂದ ನೋಡಿದ ನಮ್ಮಾಕಿ, ಆ ಅಂಗಿ ನನಗೆ ಹಿಡಿಸಲಿಲ್ಲವೆಂದು ತಿಳಿದು ಇನ್ನೊಂದು ಕೊಟ್ಟಳು. ಅದನ್ನೂ ತೊಟ್ಟೆ, ಕಳೆದೆ. ಮತ್ತೊಂದು ಬಂತು. ಸಂಜೆ ಇಸ್ತ್ರಿಯವನು ಗಂಟು ಬಿಚ್ಚಿ ಕೇಳಿದ: "ಸಾಹೇಬ್ರ, ಮನ್ಯಾಗ ಎಷ್ಟು ಮಂದಿ ಗಂಡಸರದೀರಿ?"

೨

ಮರುವಾರ ಮಾನ್ವಿಗೆ ಹೊರಟಿದ್ದೆ. ಬಸ್ಸಿನಲ್ಲಿ ಅಂಗಿ ಕಳೆಯಲಾದೀತೆ? ಚಪ್ಪಲಿ ಆರಿಸಿಕೊಂಡೆ. ಕಳೆಯುವುದು, ಕಣ್ಣು ಮುಚ್ಚಿ ಪಿಸುಗುಡುವುದು, ಮೆಟ್ಟುವುದು. ಪಕ್ಕದಲ್ಲಿ ಸಿರವಾರದ ವ್ಯಾಪಾರಿ. ನಮ್ಮ ಕಡೆ ಹಾದಿಯಲ್ಲಿ ಗುಡಿಯೋ ದರ್ಗಾವೋ ಬಂದರೆ ಕೂತಲ್ಲೇ ಚಪ್ಪಲಿ ಕಳೆದು ಕೈ ಮುಗಿಯುವುದುಂಟು. ಅವರು ನನ್ನನ್ನು ನೋಡಿ ತಾವೂ ಕಳೆದರು, ಮುಗಿದರು. ಹಿಂದಿನ ಸೀಟಿನವರು ಅವರನ್ನು ನೋಡಿ ಮುಗಿದರು. ಮಾನ್ವಿ ಬರುವಷ್ಟರಲ್ಲಿ ಅರ್ಧ ಬಸ್ಸು ಬರಿಗಾಲಲ್ಲಿತ್ತು.

ಇಳಿಯುವಾಗ ಕಂಡಕ್ಟರ್ ಅಂದ: "ಹದಿನೈದು ವರ್ಷ ಆತ್ರಿ ಈ ಹಾದ್ಯಾಗ. ಇಷ್ಟು ದೇವ್ರು ಅದಾವಂತ ಗೊತ್ತಿದ್ದಿಲ್ಲ."

೩

ಇನ್ನು ಪರೀಕ್ಷೆ. ಕಂಪ್ಯೂಟರಿನ ಪರದೆಯಲ್ಲಿ ಪರೀಕ್ಷಕಿ, ಇತ್ತ ನಾನು. ಅಂಗಿ ಆಯಿತು, ಚಪ್ಪಲಿ ಆಯಿತು, ಉಳಿದದ್ದು ತಲೆಗೆ ಏನಾದರೊಂದು. ಅಷ್ಟರಲ್ಲಿ ಗಬ್ಬೂರಿನಿಂದ ಬಂದ ನಮ್ಮಾಕಿಯ ತಮ್ಮ ಒಳಗೆ ನುಗ್ಗಿದ. ನಮ್ಮ ಹೊಸ ಮನೆಯ ಗೃಹಪ್ರವೇಶ ತಪ್ಪಿಸಿಕೊಂಡಿದ್ದ, ಈಗ ಉಡುಗೊರೆಯ ಆಹೇರಿ ಬಟ್ಟೆ, ಪಟಗ ತಂದಿದ್ದ.

"ಕುಂದರ್ರಿ ಮಾವಾರ, ಬಸ್ಸಿಗೆ ಹೊತ್ತಾತು," ಎಂದವನೇ ನನ್ನ ತಲೆಗೆ ಪಟಗ ಸುತ್ತತೊಡಗಿದ. ನಾನು ಕೈ ಮುಗಿದು ಕೂತು 'ಮೆ ಪೊಂಗೊ' ಅಂದೆ.

"ನೀವು ಹಾಕಿಕೊಳ್ಳುತ್ತಿಲ್ಲ ಸರ್, ಅವರು ಹಾಕುತ್ತಿದ್ದಾರೆ," ಎಂದರು ಪರೀಕ್ಷಕಿ. "ಬಿಚ್ಚಿ, ನೀವೇ ಸುತ್ತಿಕೊಳ್ಳಿ."

ಪಟಗಕ್ಕೆ ಕೈ ಹಾಕಿದೆ. ಭಾವಮೈದುನ ಕೈ ಹಿಡಿದ. "ಆಹೇರಿ ಪಟಗ ತಾವಾ ಸುತ್ಕೊಂತಾರೇನ್ರಿ? ಸುತ್ತಾಕ ಬೀಗರಿಲ್ಲೇನು ನಿಮಗ? ಬಿಚ್ಚಿದ್ರ ನಾ ಊಟಾನೂ ಮಾಡಂಗಿಲ್ಲ."

ಬಿಚ್ಚಿದರೆ ನೆಂಟಸ್ತಿಕೆ ಹೋಯಿತು, ಬಿಚ್ಚದಿದ್ದರೆ ಪರೀಕ್ಷೆ. ಒಮ್ಮೆ ಪರದೆ ನೋಡಿದೆ, ಒಮ್ಮೆ ಅವನನ್ನು. ಅವನಿಗೇ ಕನಿಕರ ಬಂತು. "ಆ ಅಕ್ಕಾರಿಗೆ ಏನು ಹೇಳಬೇಕ್ರಿ?" ಎಂದ. ಹೇಳಿದೆ. ಅವನು ಹೆಗಲ ಟವೆಲ್ ಇಳಿಸಿ, ತನ್ನ ತಲೆಗೆ ತಾನೇ ಸರಸರ ಸುತ್ತಿಕೊಳ್ಳುತ್ತ, ಕುರಿ ಕಾಯುತ್ತ ಕೂಗಿ ಪಳಗಿದ ದನಿಯಲ್ಲಿ 'ಮೆ ಪೊಂಗೊ' ಅಂದ.

"ಬಹಳ ಸರಿಯಾಗಿದೆ," ಎಂದರು ಪರೀಕ್ಷಕಿ. "ಇವರ ನೋಂದಣಿ ಸಂಖ್ಯೆ?"

ನಾನು ಫೇಲು. ಅವನು ಈಗಲೂ ಫೋನ್ ಮಾಡಿ, "ನನ್ನ ಸರ್ಟಿಫಿಕೇಟ್ ಬಂತೇನ್ರಿ ಮಾವಾರ?" ಎಂದು ಕೇಳುತ್ತಾನೆ. ಆ ಪರೀಕ್ಷೆ ನಡೆದದ್ದು ಎಳ್ಳಮವಾಸಿಯ ಮರುದಿನ, ಶುಕ್ರವಾರ.